ಬಂತು ಅಕ್ಕ, ಭದ್ರವಾಗಿದೆ

ಮನೆಯಿಂದ,
ಭಾನುವಾರ, ೮ ಮಾರ್ಚ್

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಸ್ಕ್ರೂ ಮಾಡುವ ನಮಸ್ಕಾರಗಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಬೆನ್ನೊಂದನ್ನು ಬಿಟ್ಟು. ಲಿಫ್ಟ್ ರಿಪೇರಿಗೆಂದು ಅದರ ಕೆಳಗಿನ ಗುಂಡಿಗಳಿಗೆ ಇಳಿದು ಬಗ್ಗಿ ಬಗ್ಗಿ ಅದು ಈಗ ನನ್ನ ಮಾತು ಕೇಳುವುದನ್ನೇ ಬಿಟ್ಟಿದೆ. ನಿನ್ನ ಗಂಟಲ ಗಾಯ ಪೂರ್ತಿ ಮಾಗಿದೆ, ಭಾವ ದಿನಾ ಸಂಜೆ ನಿನ್ನನ್ನು ಪಾರ್ಕಿಗೆ ಎಳೆದುಕೊಂಡು ಹೋಗುತ್ತಿದ್ದಾರೆ ಎಂದು ಓದಿ ಸಮಾಧಾನವಾಯಿತು.

ನಿನ್ನ ಪತ್ರ ಬಂದು ಮೂರು ವಾರವಾಯಿತು. "ಫೋನಿನಲ್ಲಿ ಹೆಬ್ಬೆರಳಿಂದ ಕುಟ್ಟಿದರೆ ನಾನು ತಂತಿ ಸುದ್ದಿ ತರಹ ಕಾಣ್ತೀನಿ, ಕಾಗದದಲ್ಲಾದರೆ ನಾನು ನಾನೇ ಆಗಿರ್ತೀನಿ" ಎಂದು ನೀನು ಬರೆದದ್ದಕ್ಕೆ ನಾನೂ ಪೆನ್ನು ಹಿಡಿದಿದ್ದೇನೆ. ತಡವಾದದ್ದಕ್ಕೆ ಬೆನ್ನುನೋವು, ಕೆಲಸ ಜಾಸ್ತಿ ಎಂದೆಲ್ಲ ಸುಳ್ಳು ಹೇಳಬಹುದಿತ್ತು. ನಿಜ ಹೇಳುತ್ತೇನೆ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದೆ. ಯಾಕೆಂದರೆ ನೀನು ಕೇಳಿದ್ದು ನನ್ನ ಹತ್ತಿರ ಇಲ್ಲ ಅಕ್ಕ.

"ಆ ನಲವತ್ತೊಂದು ರೆಕಾರ್ಡಿಂಗನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಕಳಿಸು. ನೀನಂತೂ ಎಲ್ಲ ಕೇಳಿದ್ದಾಯಿತು, ಇನ್ನು ನಿನ್ನ ಭಾವನೂ ಕೇಳಲಿ. ಇವರು ಬಾಯಿಬಿಟ್ಟು ಹೇಳಲ್ಲ, ಆದರೆ ನನ್ನ ಹಳೇ ಧ್ವನಿ ಕೇಳೋಕೆ ಒದ್ದಾಡ್ತಿದ್ದಾರೆ" ಎಂದು ನೀನು ಬರೆದಿದ್ದೆ. ಓದಿದ ಕೂಡಲೇ ಎದ್ದು ಹೋಗಿ, ಮನೆಯದೆಲ್ಲ ಕೂಡಿಡುವ ನನ್ನ ಸರ್ವರ್ ಕಂಪ್ಯೂಟರ್ ತೆರೆದೆ. ಮಗಳು ನಿನಗಾಗಿಯೇ ಮಾಡಿಟ್ಟಿದ್ದ 'ಹಲೋ ಅತ್ತೆ' ಎಂಬ ಫೋಲ್ಡರ್ ಇತ್ತು. ಒಳಗೆ ಏನೂ ಇರಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೈಯಬೇಡ. ಎಲ್ಲಿ ಎಡವಿದೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ. ಗಂಟಲ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಆಪರೇಷನ್ನಿಗೆ ಇದ್ದದ್ದು ಐದು ವಾರ. ಅಳುತ್ತ ಕೂರುವ ಬದಲು ನೀನು ಮಾತಾಡಲು ಶುರು ಮಾಡಿದೆ. ಮೂವತ್ತು ವರ್ಷ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಊರಿಗೆಲ್ಲ "ನಮಸ್ಕಾರ, ಯಾರು ಬೇಕಾಗಿತ್ತು?" ಎಂದವಳು ನೀನು, ಸುಮ್ಮನಿರುವುದು ನಿನ್ನ ಜಾಯಮಾನದಲ್ಲೇ ಇಲ್ಲ. "ಹೋಗೋದಾದ್ರೆ ಹೋಗ್ಲಿ, ಅದಕ್ಕೆ ಮುಂಚೆ ಒಳಗಿರೋದೆಲ್ಲಾ ಖಾಲಿ ಮಾಡಿಬಿಡ್ತೀನಿ" ಅಂದೆ. ನಾನು ಎದೆ ತಟ್ಟಿಕೊಂಡು, "ನನ್ ಸರ್ವರ್ ಇದೆಯಲ್ಲಕ್ಕ, ನೀನು ಹೇಳ್ತಾ ಹೋಗು. ಜೋಪಾನ ಮಾಡೋದು ನನ್ ಜವಾಬ್ದಾರಿ" ಅಂದೆ.

ನೀನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ತಾನಾಗಿಯೇ ನಮ್ಮ ಮನೆಗೆ ಬಂದು ಸೇರುವ ಹಾಗೆ ನಾನೇ ಮಾಡಿಕೊಟ್ಟೆ. ನಿನ್ನ ಫೋನು ತುಂಬಿಹೋಗಬಾರದೆಂದು, ಇಲ್ಲಿಗೆ ಬಂದದ್ದು ಅಲ್ಲಿ ಅಳಿಸಿಹೋಗುವ ಹಾಗೆ ಮಾಡಿದವನೂ ನಾನೇ. ಒಂದೊಂದು ಬಂದಾಗಲೂ ನನ್ನ ಫೋನು ಟಿಣ್ ಎನ್ನುತ್ತಿತ್ತು. ನಾನು ಯಾವ ಕಟ್ಟಡದ ಯಾವ ಲಿಫ್ಟಿನ ಮೇಲೆ ನಿಂತಿದ್ದರೂ ಗ್ರೀಸು ಒರೆಸಿಕೊಂಡು ನಿನಗೆ "ಬಂತು ಅಕ್ಕ, ಭದ್ರವಾಗಿದೆ" ಎಂದು ಕಳಿಸುತ್ತಿದ್ದೆ. ನಲವತ್ತೊಂದು ಸಲ ಕಳಿಸಿದ್ದೇನೆ.

ನನ್ನ ಈ ಹುಚ್ಚಿನ ವಿಷಯ ನಿನ್ನ ನಾದಿನಿಯ ಬಾಯಲ್ಲೇ ಕೇಳಬೇಕು. ನಾನು ಲಿಫ್ಟ್ ನೋಡಿಕೊಳ್ಳುವ ಒಂದು ಆಫೀಸಿನವರು ಎಸೆಯಲಿಟ್ಟಿದ್ದ ಹಳೆ ಕಂಪ್ಯೂಟರನ್ನು ಹೊತ್ತು ತಂದು, ಎರಡು ಡಿಸ್ಕ್ ಹಾಕಿ, ಚಪ್ಪಲಿ ಕಪಾಟಿನ ಮೇಲಿನ ಅರೆಯಲ್ಲಿ ಕೂರಿಸಿ ಆರು ವರ್ಷವಾಯಿತು. ಮನೆಯ ಫೋಟೋ, ಹಾಡು, ಮಗಳ ಶಾಲೆಯ ಕಾಗದ, ವಾಷಿಂಗ್ ಮೆಷಿನ್ನಿನ ಗ್ಯಾರಂಟಿ ಚೀಟಿ ಎಲ್ಲ ಅದರಲ್ಲೇ. ನಿನ್ನ ನಾದಿನಿ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಾಳೆ. "ರೀ, ನನ್ ಸವತಿ ಯಾಕೋ ಇವತ್ತು ಗುರುಗುಡ್ತಾ ಇದಾಳೆ, ಏನು ಬೇಕಂತೆ ವಿಚಾರಿಸ್ಕೊಳ್ಳಿ" ಎನ್ನುತ್ತಾಳೆ. ಮಗಳು ಅದರ ಬಿಸಿಗಾಳಿಗೆ ಕಾಲುಚೀಲ ಒಣಹಾಕುತ್ತಾಳೆ. ನಾನು ಭಾನುವಾರ ಭಾನುವಾರ ಅದರ ಧೂಳು ಹೊಡೆದು, ಎಷ್ಟು ದಿನದಿಂದ ನಿಲ್ಲದೆ ಓಡುತ್ತಿದೆ ಎಂದು ನೋಡಿ ಮೀಸೆ ತಿರುವುತ್ತಿದ್ದೆ. ಇನ್ನೂರ ಹನ್ನೆರಡು ದಿನ ಅಕ್ಕ! ನಮ್ಮ ಊರಿನ ಯಾವ ಲಿಫ್ಟೂ ಅಷ್ಟು ದಿನ ಓಡಿಲ್ಲ.

ಲಿಫ್ಟಿಗೆ ಒಂದೇ ಹಗ್ಗ ಯಾರೂ ಕಟ್ಟುವುದಿಲ್ಲ. ಒಂದು ಹೋದರೆ ಉಳಿದವು ಹೊರಬೇಕು. ಅದೇ ಬುದ್ಧಿಯಲ್ಲಿ ನಿನ್ನ ಧ್ವನಿಗೂ ಮೂರು ಕಡೆ ಜಾಗ ಮಾಡಿದ್ದೆ. ಮೊದಲ ಡಿಸ್ಕಿನಲ್ಲಿ ಒಂದು, ಎರಡನೆಯ ಡಿಸ್ಕಿನಲ್ಲಿ ಅದರ ನಕಲು. ಮೂರನೆಯದು ಕನ್ನಡಕದಂಗಡಿ ಗೆಳೆಯನ ಮನೆಯಲ್ಲಿ. ಅವನಿಗೂ ಇದೇ ರೋಗ. ಅವನ ಮನೆಯ ನಕಲು ನಮ್ಮಲ್ಲಿ, ನಮ್ಮದು ಅವನಲ್ಲಿ. ಹೆಣ್ಣು ಕೊಟ್ಟು ಹೆಣ್ಣು ತಂದ ಬೀಗರ ಹಾಗೆ ನಾವಿಬ್ಬರೂ ಸಿಕ್ಕಾಗಲೆಲ್ಲ "ನಮ್ದು ಹೇಗಿದೆ?", "ಚೆನ್ನಾಗಿದೆ, ನಮ್ದು?" ಎಂದು ವಿಚಾರಿಸಿಕೊಳ್ಳುತ್ತೇವೆ.

ಇಷ್ಟೆಲ್ಲ ಮಾಡಿಯೂ ಏನಾಯಿತು ಕೇಳು. ಎರಡನೆಯ ಡಿಸ್ಕಿಗೆ ನಾನು ಕೊಟ್ಟಿದ್ದ ಅಪ್ಪಣೆ ಇಷ್ಟು: ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಮೊದಲನೆಯದನ್ನು ನೋಡು, ಅಲ್ಲಿ ಏನಿದೆಯೋ ಅದೇ ನಿನ್ನಲ್ಲೂ ಇರಲಿ, ಅಲ್ಲಿ ಇಲ್ಲದ್ದು ನಿನ್ನಲ್ಲೂ ಬೇಡ. ಒಂದು ಸೋಮವಾರ ಮೊದಲ ಡಿಸ್ಕು ಸತ್ತುಹೋಯಿತು. ಡಿಸ್ಕು ಹೋದರೂ ಅದರ ಫೋಲ್ಡರಿನ ಹೆಸರು ಮಾತ್ರ ಉಳಿದುಕೊಂಡಿತ್ತು, ಬಾಗಿಲಿದ್ದು ಮನೆಯೇ ಇಲ್ಲದ ಹಾಗೆ. ಹನ್ನೊಂದಕ್ಕೆ ಎರಡನೆಯದು ಬಂದು ಇಣುಕಿತು. ಅಲ್ಲಿ ಏನೂ ಇಲ್ಲ. ಸರಿ, ನಾನೂ ಖಾಲಿಯಾಗುತ್ತೇನೆ ಎಂದು ವಿಧೇಯವಾಗಿ ಎಲ್ಲ ಅಳಿಸಿಕೊಂಡಿತು. ಹನ್ನೆರಡಕ್ಕೆ ಕನ್ನಡಕದಂಗಡಿಯವನ ಮನೆಯಲ್ಲೂ ಅದೇ ಕಥೆ. ಆಮೇಲೆ ನನ್ನ ಫೋನಿಗೆ ಹಸಿರು ಗುರುತಿನ ಸಂದೇಶ ಬಂತು, ಕೆಲಸ ಯಶಸ್ವಿಯಾಗಿ ಮುಗಿದಿದೆ ಎಂದು. ಮರುದಿನವೂ ಬಂತು. ಅದರ ಮರುದಿನವೂ ಬಂತು. ನೋಡಿ ಖುಷಿಪಟ್ಟೆ.

ವರ್ಷಕ್ಕೊಮ್ಮೆ ಲಿಫ್ಟಿಗೆ ಭಾರ ತುಂಬಿ, ಬೇಕೆಂದೇ ಜಾರಲು ಬಿಟ್ಟು, ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡುವವನು ನಾನು. ಕಾಗದದ ಮೇಲೆ ಬ್ರೇಕಿದೆ ಎಂದರೆ ನಂಬದವನು. ಮನೆಯಲ್ಲಿ ಮಾತ್ರ ಒಂದು ದಿನವೂ ಆ ನಕಲನ್ನು ತೆರೆದು ನೋಡಲಿಲ್ಲ. ಗಾಬರಿಯಲ್ಲಿ ಎರಡನೆಯ ಡಿಸ್ಕನ್ನು ಸರಿಮಾಡುತ್ತೇನೆಂದು ಹೋಗಿ ಇದ್ದಬದ್ದ ಗುರುತನ್ನೂ ಒರೆಸಿಹಾಕಿದೆ. ಕನ್ನಡಕದಂಗಡಿಯವನೂ ಅವನಲ್ಲಿ ಅದೇ ಎಡವಟ್ಟು ಮಾಡಿ, ತಲೆಮೇಲೆ ಕೈಹೊತ್ತು ನಮ್ಮ ಮನೆಯಲ್ಲಿ ಬಂದು ಕೂತಿದ್ದ. ನಿನ್ನ ನಾದಿನಿ ಇಬ್ಬರಿಗೂ ಸೇರಿಸಿ ಮಂಗಳಾರತಿ ಮಾಡಿದಳು. "ಮೂರು ಮೂರು ಕಡೆ ಇಟ್ಟು ಮೂರನ್ನೂ ಕಳ್ಕೊಂಡ್ರಲ್ಲಾ! ಅತ್ತಿಗೆ ಒಂದು ಟೇಪಿಗೆ ಹಾಕಿ ನನ್ ಕೈಗೆ ಕೊಟ್ಟಿದ್ರೆ ಸೀರೆ ಮಡಿಕೇಲಿ ಇಡ್ತಿದ್ದೆ" ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನನಗೆ ಬೈಗುಳಕ್ಕಿಂತ ಅದೇ ಕಷ್ಟವಾಯಿತು.

ಇನ್ನು ಉಳಿದಿರುವುದು ಆ ಸತ್ತ ಡಿಸ್ಕು ಒಂದೇ. ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಡಿಸ್ಕ್ ರಿಪೇರಿ ಮಾಡುವ ಹೆಂಗಸೊಬ್ಬರಿದ್ದಾರೆ, ಅವರಿಗೆ ಕೊಟ್ಟು ಬಂದಿದ್ದೇನೆ. ವೈರು ಜೋಡಿಸಿ ಕಿವಿಯ ಹತ್ತಿರ ಹಿಡಿದು ಕೇಳಿದರು. ಟಿಕ್ ಟಿಕ್ ಎನ್ನುತ್ತಿತ್ತು.

"ಹೀಗಾದ್ಮೇಲೆ ಎಷ್ಟು ಸಲ ಆನ್ ಮಾಡಿದ್ರಿ?"

"ಒಂದು ಆರೇಳು ಸಲ."

"ಕೈ ಸುಮ್ನಿರಲ್ಲ ಅಂದ್ರೆ ಜೇಬಲ್ಲಿ ಇಟ್ಕೋಬೇಕು ಸ್ವಾಮಿ. ಮುಖ್ಯವಾದದ್ದು ಏನಿದೆ ಇದ್ರಲ್ಲಿ?"

"ನಮ್ಮಕ್ಕನ ಧ್ವನಿ."

ಕನ್ನಡಕ ಹಣೆಗೇರಿಸಿ, ದನಿ ತಗ್ಗಿಸಿ ಕೇಳಿದರು. "ಅವರು ಈಗ..."

"ಇದಾರೆ. ಧ್ವನಿ ಇಲ್ಲ."

ಅವರು ಮೇಜಿನ ಮೇಲೆ ಸಾಲಾಗಿ ಕಾದಿದ್ದ ಡಿಸ್ಕುಗಳನ್ನು ಪಕ್ಕಕ್ಕೆ ಸರಿಸಿ ನಮ್ಮದನ್ನು ಮುಂದೆ ಇಟ್ಟುಕೊಂಡರು. ಗುರುವಾರ ಹೇಳುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ ಅಂದರು. ಈ ಕಾಗದವನ್ನು ಈಗಲೇ ಅಂಚೆಗೆ ಹಾಕುವುದಿಲ್ಲ ಅಕ್ಕ. ಸಿಕ್ಕಿತೋ ಇಲ್ಲವೋ ಗೊತ್ತಾಗದೆ ಅರ್ಧ ಸುದ್ದಿ ಕಳಿಸಿ ನಿನ್ನನ್ನು ಒದ್ದಾಡಿಸಲಾರೆ.

ಮಂಗಳವಾರ, ೧೭ ಮಾರ್ಚ್

ಅಕ್ಕ, ಸಿಕ್ಕಿತು! ಮೂರು ಹೋಗಿವೆ, ಮೂವತ್ತೆಂಟು ಸಿಕ್ಕಿವೆ. ಗುರುವಾರ ಮಧ್ಯಾಹ್ನ ನಾನು ಏಳನೆಯ ಮಹಡಿಯಲ್ಲಿ ನಿಂತಿದ್ದಾಗ ಆಕೆ ಫೋನ್ ಮಾಡಿದರು. ಕೈಯಲ್ಲಿದ್ದ ಸ್ಪ್ಯಾನರ್ ಬಿದ್ದು ಕೆಳಗಿನವರೆಗೂ ಸದ್ದು ಮಾಡುತ್ತ ಹೋಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ.

"ಒಂದು ತೊಂದರೆ ಇದೆ" ಅಂದರು. "ಒಳಗಿರೋದು ಬಂದಿದೆ, ಹೆಸರು ಬಂದಿಲ್ಲ. ಬರೀ ನಂಬರಿದೆ. ಯಾವುದು ಏನು ಅಂತ ಕೂತು ಕೇಳಿದ್ರೇನೇ ಗೊತ್ತಾಗೋದು."

ನೀನು ಒಂದೊಂದಕ್ಕೂ ಹೆಸರು ಕೊಟ್ಟಿದ್ದೆಯಲ್ಲ, ಅವೆಲ್ಲ ಹೋದವು. ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಸ್ಪೀಕರ್ ಇಟ್ಟು ಮೂವರೂ ಕೂತೆವು. ಮಗಳು ನೋಟ್‌ಬುಕ್ ಹಿಡಿದಳು. ಮೊದಲನೆಯದನ್ನು ಒತ್ತಿದೆ.

"ನಮಸ್ಕಾರ, ಯಾರು ಬೇಕಾಗಿತ್ತು?" ಆಮೇಲೆ ನಿನ್ನ ನಗು. "ಯಾರೂ ಬೇಡ್ವಾ? ಹಂಗಾದ್ರೆ ನಾನೇ ಮಾತಾಡ್ತೀನಿ."

ಬಟಾಣಿ ಸುಲಿಯುತ್ತಿದ್ದ ನಿನ್ನ ನಾದಿನಿ ತಟ್ಟೆಯನ್ನು ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಗಳು "ಹಲೋ ಅತ್ತೆ!" ಎಂದು ಕೂಗಿಯೇಬಿಟ್ಟಳು, ನೀನು ಕೋಣೆಯಲ್ಲೇ ಇದ್ದ ಹಾಗೆ.

ಎರಡು ದಿನ ಮನೆಯಲ್ಲಿ ನೀನೇ ನೀನು. ಒಂದರಲ್ಲಿ ನೀನು ಏನೋ ಗಂಭೀರವಾಗಿ ಹೇಳುತ್ತಿದ್ದರೆ ನಡುವೆ ಭಾವ ಅಡುಗೆಮನೆಯಿಂದ "ಕಾಫಿಗೆ ಸಕ್ಕರೆ ಎಷ್ಟೇ?" ಎಂದು ಕೂಗುತ್ತಾರೆ. ನೀನು "ಮೂವತ್ತು ವರ್ಷದಿಂದ ಒಂದೂವರೆ ಚಮಚ ಕಣ್ರೀ! ಆಪರೇಷನ್ ಆದ್ಮೇಲೂ ಒಂದೂವರೆನೇ. ಆಮೇಲೆ ಹೇಳೋಕಾಗಲ್ಲ, ಈಗ್ಲೇ ಬರ್ಕೊಳ್ಳಿ" ಎನ್ನುತ್ತೀಯ. ಮಗಳು ಅದಕ್ಕೆ 'ಒಂದೂವರೆ ಚಮಚ' ಎಂದೇ ಹೆಸರಿಟ್ಟಳು. ಮೊದಲು ಅದನ್ನೇ ಭಾವನಿಗೆ ಕೇಳಿಸು. ಅಪ್ಪ ಸೈಕಲ್ಲು ಕಲಿಸಲು ಹೋಗಿ ತಾನೇ ಚರಂಡಿಗೆ ಬಿದ್ದದ್ದು ಇದೆ. ಆಸ್ಪತ್ರೆಗೆ ದಿನಾ ತಪ್ಪು ನಂಬರಿಗೆ ಫೋನ್ ಮಾಡಿ, ಕೊನೆಗೆ ನಿನ್ನ ಜೊತೆಯೇ ಕಷ್ಟಸುಖ ಹೇಳಿಕೊಳ್ಳುತ್ತಿದ್ದ ಮುದುಕನ ಕಥೆ ಇದೆ.

ಆಮೇಲೆ ಆ ಸ್ಕ್ರೂ ಕಥೆ! ಎಂಥಾ ಕಿಲಾಡಿ ನೀನು! ನಾನು ಎಂಟು ವರ್ಷದವನಿದ್ದಾಗ ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದೆ, ಕೊನೆಗೆ ಒಂದು ಸ್ಕ್ರೂ ಉಳಿಯಿತು, ಅಂದಿನಿಂದ ನನ್ನ ಹೆಸರೇ ಸ್ಕ್ರೂ ಆಯಿತು. ನಲವತ್ತು ವರ್ಷ ನಾನು ಯಾವ ಯಂತ್ರ ಮುಚ್ಚಿದರೂ ಎರಡೆರಡು ಸಲ ಎಣಿಸುವುದು ಆ ಭಯಕ್ಕೇ. ಈಗ ಸ್ಪೀಕರಿನಲ್ಲಿ ನೀನು ಕಿಸಿಕಿಸಿ ನಗುತ್ತ, "ಅದು ಗಡಿಯಾರದ ಸ್ಕ್ರೂನೇ ಅಲ್ಲ ಕಣೋ. ಅಮ್ಮನ ಹೊಲಿಗೆ ಮೆಷಿನ್ನಿಂದು. ನಾನೇ ತಂದು ಇಟ್ಟಿದ್ದೆ" ಎನ್ನುತ್ತೀಯ. ನಿನ್ನ ನಾದಿನಿ ಅಳು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳಂತೂ ನೆಲದ ಮೇಲೆ ಉರುಳಾಡಿದಳು. ನನ್ನ ನಲವತ್ತು ವರ್ಷದ ಎಣಿಕೆಗೆ ಯಾರು ಜವಾಬ್ದಾರಿ ಅಕ್ಕ?

ಮೂವತ್ತೇಳಕ್ಕೆ ಹೆಸರು ಬಿದ್ದಿದೆ. ಎರಡು ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ. ಒಂದು ಈ ಲಕೋಟೆಯಲ್ಲೇ ಇದೆ, ಇನ್ನೊಂದು ನಿನ್ನ ನಾದಿನಿಯ ಸೀರೆ ಮಡಿಕೆಯಲ್ಲಿ. ಅಲ್ಲಿಂದ ಅದನ್ನು ತೆಗೆಯುವ ಧೈರ್ಯ ಯಾವ ಯಂತ್ರಕ್ಕೂ ಇಲ್ಲ, ನನಗೂ ಇಲ್ಲ. ಸವತಿಗೆ ಹೊಸ ಡಿಸ್ಕು ಬಂದಿದೆ. ಮೊದಲನೆಯದು ಖಾಲಿ ಕಂಡರೆ ಎರಡನೆಯದು ಏನನ್ನೂ ಮುಟ್ಟದೆ ನಿಂತು ನನ್ನನ್ನು ಕೂಗಬೇಕು ಎಂದು ಹೇಳಿಕೊಟ್ಟಿದ್ದೇನೆ. ಮಗಳು ಕಪಾಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾಳೆ: "ತಿಂಗಳಿಗೊಮ್ಮೆ ತೆರೆದು ಕೇಳತಕ್ಕದ್ದು. ಹಸಿರು ಗುರುತು ನಂಬತಕ್ಕದ್ದಲ್ಲ." ಕೆಳಗೆ ನನ್ನ ಸಹಿ ಹಾಕಿಸಿಕೊಂಡಿದ್ದಾಳೆ.

ಹೋದ ಮೂರು ಯಾವುವೋ ಗೊತ್ತಿಲ್ಲ. ಜೊತೆಗಿಟ್ಟಿರುವ ಮಗಳ ಪಟ್ಟಿ ನೋಡಿ ನೀನೇ ಹೇಳಬೇಕು. ಅವುಗಳಿಗಾಗಿ ನಿನ್ನ ತಮ್ಮನನ್ನು ಹೊಟ್ಟೆಗೆ ಹಾಕಿಕೊ. ಭಾವನಿಗೆ ನಮಸ್ಕಾರ. ನೀನು ಕಾಗದದಲ್ಲಿ ಹೀಗೇ ಬಾಯ್ತುಂಬ ಬೈಯುತ್ತ, ನೂರು ವರ್ಷ ಬಾಳು. ಚಿಕ್ಕವನು ದೊಡ್ಡವಳಿಗೆ ಹೀಗೆ ಹೇಳಬಾರದು, ಆದರೂ ಹೇಳಿದ್ದೇನೆ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ಇಂತಿ ನಿನ್ನ ಪ್ರೀತಿಯ ತಮ್ಮ,
ಸ್ಕ್ರೂ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. "ನೀನಂತೂ ಎಲ್ಲ ಕೇಳಿದ್ದಾಯಿತು" ಎಂದು ಬರೆದಿದ್ದೆಯಲ್ಲ. ನಾನು ಒಂದನ್ನೂ ಕೇಳಿರಲಿಲ್ಲ ಅಕ್ಕ. ಬಂತೋ ಇಲ್ಲವೋ ನೋಡಿದೆ, ಎಷ್ಟು ಜಾಗ ಹಿಡಿಯಿತು ಎಂದು ನೋಡಿದೆ, ಕೇಳಲಿಲ್ಲ. ಭದ್ರವಾಗಿದೆಯಲ್ಲ, ಯಾವಾಗ ಬೇಕಾದರೂ ಕೇಳಬಹುದು ಅಂದುಕೊಂಡೆ.

ಮೂವತ್ತೆಂಟನೆಯದನ್ನು ನಿನ್ನೆ ಮಧ್ಯಾಹ್ನ ಒಬ್ಬನೇ ಕೇಳಿದೆ. ರೆಕಾರ್ಡಿಂಗಿನೊಳಗಿನ ತಾರೀಖು ನೋಡಿದೆ, ಆಪರೇಷನ್ನಿಗೆ ಐದು ದಿನ ಮುಂಚಿನದು. "ಸ್ಕ್ರೂ, ಇದು ಕಥೆ ಅಲ್ಲ ಕಣೋ. ನಿನ್ ಭಾವ ಹೊರಗೆ ಹೋಗಿದಾರೆ, ಅವರ ಮುಂದೆ ಧೈರ್ಯವಾಗಿರ್ಬೇಕಲ್ಲ. ನಂಗೆ ತುಂಬಾ ಭಯ ಆಗ್ತಿದೆ. ನಾನೇ ಫೋನ್ ಮಾಡಿದ್ರೆ ಅಳು ಬರುತ್ತೆ, ಇದನ್ನ ಕೇಳಿದ ತಕ್ಷಣ ನೀನೇ ಮಾಡ್ತೀಯಾ? ಮೂವತ್ತು ವರ್ಷ ಎಲ್ಲರ ಫೋನೂ ಎತ್ತಿದೀನಿ, ಒಂದು ಸಲ ನಂಗೇ ಅಂತ ಒಂದು ಬರ್ಲಿ. ಏನೂ ಹೇಳ್ಬೇಡ, ಸುಮ್ನೆ ಜಗಳ ಆಡೋಣ. ಧ್ವನಿ ಇರೋವಾಗ ನಿನ್ ಜೊತೆ ಒಂದು ದೊಡ್ಡ ಜಗಳ ಆಡ್ಬೇಕು ಅನ್ನಿಸ್ತಿದೆ."

ಆ ದಿನ ನಾನೇನು ಮಾಡುತ್ತಿದ್ದೆ ಗೊತ್ತೇ? ಕರೆಂಟು ಹೋದರೆ ನಿನ್ನ ರೆಕಾರ್ಡಿಂಗಿಗೆ ಏನೂ ಆಗಬಾರದೆಂದು ಸರ್ವರಿಗೆ ಬ್ಯಾಟರಿ ಜೋಡಿಸುತ್ತಿದ್ದೆ. ನಿನಗೇನು ಉತ್ತರ ಕಳಿಸಿದ್ದೆ ಎಂದು ಫೋನಿನಲ್ಲಿ ಹುಡುಕಿದೆ. "ಬಂತು ಅಕ್ಕ, ಭದ್ರವಾಗಿದೆ." ಅದಕ್ಕೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದೆ. ಅಷ್ಟೇ. ಮರುದಿನದಿಂದ ಮತ್ತೆ ನಗುನಗುತ್ತ ಕಥೆ ಹೇಳಿದ್ದೀಯ. ಇಷ್ಟು ತಿಂಗಳು ನನ್ನನ್ನು ಏನಂದುಕೊಂಡಿದ್ದೆ ಅಕ್ಕ? ತಮ್ಮ ಕೇಳಿಸಿಕೊಂಡೂ ಸುಮ್ಮನಿದ್ದ ಅಂತಲೇ? ಅದಕ್ಕಾಗಿ ಒಂದು ಕಾಗದದಲ್ಲೂ ಬೈಯಲಿಲ್ಲವಲ್ಲ.

ಅದನ್ನು ಪೆನ್‌ಡ್ರೈವಿಗೆ ಹಾಕಿಲ್ಲ. ಭಾವನ ಮುಂದೆ ನೀನು ಧೈರ್ಯವಾಗಿದ್ದವಳು, ಹಾಗೇ ಇರು. ಶನಿವಾರ ಬೆಳಗಿನ ಬಸ್ಸಿಗೆ ಒಬ್ಬನೇ ಬರುತ್ತಿದ್ದೇನೆ. ನೋಟ್‌ಬುಕ್ಕು, ಎರಡು ಪೆನ್ನು ತರುತ್ತೇನೆ. ಆ ಜಗಳ ಆಡಿಯೇ ಹೋಗುವುದು. ನಿಮ್ಮ ಬೀದಿಯ ತುದಿಯಲ್ಲಿ ಬಸ್ಸಿಳಿದ ಕೂಡಲೇ ಫೋನ್ ಮಾಡುತ್ತೇನೆ. ನೀನು ಎತ್ತಿಕೊಂಡರೆ ಸಾಕು.